ಹಳೆಯ ಟ್ರಕ್ಕಿನ ಅರ್ಥ್ ದೋಷ: ಹುಡುಕುವುದು, ಅಳೆಯುವುದು, ಸರಿಪಡಿಸುವುದು

ಎಡಗಡೆ ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಅದರ ಜೊತೆ ಮಿಣುಕುತ್ತದೆ. ಬ್ರೇಕ್ ತುಳಿದರೆ ಮೀಟರ್ ಬೋರ್ಡಿನ ದೀಪ ಮಂದವಾಗಿ ಹೊತ್ತಿಕೊಳ್ಳುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಜಾಗ ಬಿಟ್ಟು ಕದಲುತ್ತದೆ. ಬ್ಯಾಟರಿ ಹೊಸದು, ಆದರೂ ಸೆಲ್ಫ್ ಹೊಡೆದರೆ 'ಟಕ್' ಅಂತ ಒಂದು ಸದ್ದು, ಅಷ್ಟೇ.

ಇವೆಲ್ಲ ಬೇರೆ ಬೇರೆ ಕಾಯಿಲೆಗಳ ಹಾಗೆ ಕಾಣುತ್ತವೆ. ಅದಕ್ಕೇ ಬಲ್ಬ್ ಬದಲಿಸುತ್ತೇವೆ, ಫ್ಲ್ಯಾಶರ್ ಬದಲಿಸುತ್ತೇವೆ, ಸ್ಟಾರ್ಟರ್ ಮೋಟಾರ್ ಬಿಚ್ಚಿಸುತ್ತೇವೆ. ದುಡ್ಡು ಹೋಗುತ್ತದೆ, ದೋಷ ಹಾಗೇ ಉಳಿಯುತ್ತದೆ. ಹಳೆಯ ಗಾಡಿಯಲ್ಲಿ ಇಂಥ ಎರಡು ಮೂರು ಲಕ್ಷಣ ಒಟ್ಟಿಗೆ ಕಂಡರೆ, ಯಾವ ಪಾರ್ಟನ್ನೂ ಕೊಳ್ಳುವ ಮೊದಲು ಅರ್ಥ್ ನೋಡಿ. ನೋಡಿ ಅಂದರೆ ಕಣ್ಣಲ್ಲಿ ನೋಡುವುದಲ್ಲ, ಕರೆಂಟು ಹರಿಯುತ್ತಿರುವಾಗ ಮೀಟರ್ ಹಿಡಿದು ಅಳೆಯುವುದು. ಈ ಬರಹದ ಮುಖ್ಯ ಮಾತೇ ಅದು.

ಅರ್ಥ್ ಅಂದರೆ ವಾಪಸ್ ದಾರಿ

ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟು ಬಲ್ಬನ್ನೋ ಮೋಟಾರನ್ನೋ ದಾಟಿ ಮೈನಸ್‌ಗೆ ವಾಪಸ್ ಬರಲೇಬೇಕು. ಹೋಗುವ ದಾರಿಗೆ ವೈರ್ ಇದೆ, ಫ್ಯೂಸ್ ಇದೆ, ಗುರುತಿಗೆ ಬಣ್ಣ ಇದೆ. ಬರುವ ದಾರಿಯಲ್ಲಿ ಬಹಳ ಕಡೆ ಗಾಡಿಯ ಕಬ್ಬಿಣವೇ ವೈರ್. ಮನೆಯ ಅರ್ಥಿಂಗ್ ಜೊತೆ ಇದನ್ನು ಸೇರಿಸಿ ನೋಡಬೇಡಿ. ಅಲ್ಲಿ ಏನಾದರೂ ಕೆಟ್ಟಾಗ ಮಾತ್ರ ಅರ್ಥ್‌ಗೆ ಕೆಲಸ. ಗಾಡಿಯಲ್ಲಿ ಪ್ರತಿ ದೀಪದ ಪ್ರತಿ ಆಂಪಿಯರೂ ಅದರ ಮೂಲಕವೇ ಹರಿಯುತ್ತದೆ.

ಬಚ್ಚಲಿನ ತೂಬು ಕಟ್ಟಿಕೊಂಡರೆ ಏನಾಗುತ್ತದೆ? ನಲ್ಲಿ ಎಷ್ಟೇ ಚೆನ್ನಾಗಿರಲಿ, ನೀರು ನಿಲ್ಲುತ್ತದೆ. ನಿಂತ ನೀರು ಬೇರೆ ಸಂದಿ ಹುಡುಕಿಕೊಂಡು ಹೋಗುತ್ತದೆ. ಅರ್ಥ್ ಕಟ್ಟಿಕೊಂಡಾಗಲೂ ಹೀಗೇ. ವೋಲ್ಟೇಜು ಕೆಟ್ಟ ಜಾಯಿಂಟಿನ ಹಿಂದೆ ನಿಲ್ಲುತ್ತದೆ, ಕರೆಂಟು ಬೇರೆ ದಾರಿ ಹುಡುಕುತ್ತದೆ.

ಹಿಂದಿನ ಲೈಟಿನಲ್ಲಿ ಇದನ್ನು ಚೆನ್ನಾಗಿ ನೋಡಬಹುದು. 12 ವೋಲ್ಟ್ ಗಾಡಿಗಳ ಹಿಂದಿನ ಬಲ್ಬಿನಲ್ಲಿ ಸಾಮಾನ್ಯವಾಗಿ ಎರಡು ತಂತಿ ಇರುತ್ತವೆ, ಬ್ರೇಕಿಗೆ 21 ವ್ಯಾಟ್, ಪಾರ್ಕಿಂಗಿಗೆ 5 ವ್ಯಾಟ್. ಎರಡಕ್ಕೂ ಅರ್ಥ್ ಒಂದೇ. ಹೋಲ್ಡರಿನ ಅರ್ಥ್ ಹೋಯಿತು ಅಂದುಕೊಳ್ಳಿ. ಬ್ರೇಕ್ ತುಳಿದಾಗ 21 ವ್ಯಾಟ್ ತಂತಿ ದಾಟಿ ಬಂದ ಕರೆಂಟಿಗೆ ಹೋಗಲು ಜಾಗವಿಲ್ಲ. ಆಗ ಅದು 5 ವ್ಯಾಟ್ ತಂತಿಯೊಳಗೆ ಹಿಂದುಮುಂದಾಗಿ ನುಗ್ಗುತ್ತದೆ. ಪಾರ್ಕಿಂಗ್ ವೈರ್ ಹಿಡಿದು ಮುಂದಕ್ಕೆ ಬಂದು, ಮೀಟರ್ ಬೋರ್ಡಿನ ದೀಪಗಳ ಮೂಲಕ ಅರ್ಥ್ ಸೇರುತ್ತದೆ. ಬ್ರೇಕ್ ತುಳಿದರೆ ಸಂಬಂಧವೇ ಇಲ್ಲದ ದೀಪ ಮಂಕಾಗಿ ಹೊತ್ತುವುದು ಈ ಕಾರಣಕ್ಕೆ. ಒಂದು ಸ್ವಿಚ್ಚು ಇನ್ನೊಂದರ ಕೆಲಸ ಮಾಡುತ್ತಿದೆ ಅಂದರೆ, ಮೊದಲ ಅನುಮಾನ ಅರ್ಥ್ ಮೇಲೆ ಬರಬೇಕು.

ಟ್ರಕ್ಕಿನ ಕಬ್ಬಿಣ ಒಂದೇ ತುಂಡಲ್ಲ

ಕಾರಿಗಿಂತ ಟ್ರಕ್ಕಿನಲ್ಲಿ ಈ ತೊಂದರೆ ಜಾಸ್ತಿ. ಕಾರಣ ಸರಳ. ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕೂತಿದೆ. ಕ್ಯಾಬಿನ್ ಕೂಡ ರಬ್ಬರ್ ಮೇಲೆಯೇ ಕೂತಿದೆ. ಹಿಂದಿನ ಲೋಡ್ ಬಾಡಿಯನ್ನು ಪೇಂಟ್ ಹೊಡೆದ ಛಾಸಿಗೆ ಬೋಲ್ಟ್ ಹಾಕಿ ಬಿಗಿದಿದ್ದಾರೆ, ಎಷ್ಟೋ ಗಾಡಿಗಳಲ್ಲಿ ನಡುವೆ ಮರದ ಪಟ್ಟಿಯೋ ರಬ್ಬರೋ ಬೇರೆ. ಹಾಗಾಗಿ ನೋಡಲು ಒಂದೇ ಗಾಡಿಯಾದರೂ ಕರೆಂಟಿನ ಲೆಕ್ಕದಲ್ಲಿ ಇದು ನಾಲ್ಕು ದ್ವೀಪ: ಎಂಜಿನ್, ಛಾಸಿ, ಕ್ಯಾಬಿನ್, ಲೋಡ್ ಬಾಡಿ.

ಈ ದ್ವೀಪಗಳನ್ನು ಸೇರಿಸುವ ಸೇತುವೆಗಳೇ ನೀವು ಹುಡುಕಬೇಕಾದವು. ಬ್ಯಾಟರಿ ಮೈನಸ್‌ನಿಂದ ಎಂಜಿನ್ ಬ್ಲಾಕಿಗೋ ಛಾಸಿಗೋ ಒಂದು ದಪ್ಪ ಕೇಬಲ್ ಇರುತ್ತದೆ. ಎಂಜಿನ್ ಅಥವಾ ಗೇರ್ ಬಾಕ್ಸಿನಿಂದ ಛಾಸಿಗೆ ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಎಂಜಿನ್ನಿನಿಂದ ಕ್ಯಾಬಿನ್ನಿನ ಮುಂದಿನ ತಗಡಿಗೆ ಇನ್ನೊಂದು ಸಣ್ಣ ಪಟ್ಟಿ ಇರುತ್ತದೆ. ಹೆಡ್‌ಲೈಟ್ ಪಕ್ಕದಲ್ಲಿ, ಡ್ಯಾಶ್‌ಬೋರ್ಡ್ ಹಿಂದೆ, ಹಿಂದಿನ ಲೈಟುಗಳ ಹತ್ತಿರ ಒಂದೊಂದು ಬೋಲ್ಟಿಗೆ ಹಲವು ವೈರುಗಳನ್ನು ಸೇರಿಸಿ ಬಿಗಿದಿರುತ್ತಾರೆ. ಗಾಡಿಯ ಸರ್ವಿಸ್ ಪುಸ್ತಕ ಇದ್ದರೆ ವೈರಿಂಗ್ ಪುಟದಲ್ಲಿ ಈ ಜಾಗಗಳು ಸಿಗುತ್ತವೆ. ಇಲ್ಲದಿದ್ದರೆ ಟಾರ್ಚ್ ಹಿಡಿದು ಹುಡುಕಿ, ಸಿಕ್ಕಿದ್ದನ್ನೆಲ್ಲ ಫೋಟೋ ತೆಗೆದಿಟ್ಟುಕೊಳ್ಳಿ.

ಹುಡುಕುವಾಗ ಒಂದು ವಿಷಯ ಗಮನಿಸಿ. ಎಂಜಿನ್ ಇಳಿಸಿ ಏರಿಸಿದ ಗಾಡಿಯಲ್ಲಿ ಈ ಪಟ್ಟಿಗಳನ್ನು ವಾಪಸ್ ಬಿಗಿಯದೇ ಬಿಟ್ಟಿರುವುದು ತೀರಾ ಸಾಮಾನ್ಯ. ಖಾಲಿ ಬೋಲ್ಟ್ ತೂತು, ಒಂದು ತುದಿ ನೇತಾಡುತ್ತಿರುವ ಪಟ್ಟಿ, ಹೊಸ ಪೇಂಟ್ ಮೇಲೆಯೇ ಬಿಗಿದ ಲಗ್ಗು (ಬೋಲ್ಟಿಗೆ ಹಾಕಲು ಕೇಬಲಿನ ತುದಿಯಲ್ಲಿರುವ ಲೋಹದ ಬಳೆ), ಈ ಮೂರರಲ್ಲಿ ಒಂದು ಸಿಕ್ಕೇ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ ತುಂಬ ಹಳೆಯ ಗಾಡಿಗಳಿಗೆ. ಎಲ್ಲದರಲ್ಲೂ ಮೈನಸ್ಸೇ ಅರ್ಥ್ ಅಲ್ಲ. ಫೋರ್ಡ್ ತನ್ನ ಅಮೆರಿಕದ ಗಾಡಿಗಳನ್ನು 1956ರ ಮಾಡೆಲಿನಿಂದ 12 ವೋಲ್ಟಿಗೂ ಮೈನಸ್ ಅರ್ಥ್‌ಗೂ ಬದಲಿಸಿತು. ಅದಕ್ಕೆ ಮುಂಚಿನವು ಬಹುಪಾಲು 6 ವೋಲ್ಟ್, ಪ್ಲಸ್ ಅರ್ಥ್. ಹಳೆಯ ಬ್ರಿಟಿಷ್ ಗಾಡಿಗಳಲ್ಲೂ ಪ್ಲಸ್ ಅರ್ಥ್ ಬಹಳ ಇತ್ತು. ಬ್ಯಾಟರಿಯ ಯಾವ ತುದಿ ಛಾಸಿಗೆ ಹೋಗಿದೆ ಅಂತ ಮೊದಲು ನೋಡಿ. ಕೆಳಗೆ ನಾನು ಮೈನಸ್ ಅಂದ ಕಡೆಯೆಲ್ಲ ನಿಮ್ಮ ಗಾಡಿಯ ಅರ್ಥ್ ತುದಿ ಅಂತ ಓದಿಕೊಳ್ಳಿ. ದೊಡ್ಡ ಟ್ರಕ್ಕುಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಅಲ್ಲಿ ಛಾಸಿಗೆ ಹೋಗುವ ಬ್ಯಾಟರಿಯ ಮೈನಸ್ಸೇ ನಿಮ್ಮ ಅಳತೆಯ ಶುರು. ಎರಡು ಬ್ಯಾಟರಿಗಳ ನಡುವಿನ ಕೊಂಡಿ ಅಲ್ಲ.

ಕೈ ಹಾಕುವ ಮೊದಲು

ಸಲಕರಣೆ ಜಾಸ್ತಿ ಬೇಡ. ಒಂದು ಡಿಜಿಟಲ್ ಮಲ್ಟಿಮೀಟರ್, ಬ್ಯಾಟರಿಗೆ ಕರೆಂಟು ಕೊಡಲು ಬಳಸುವ ದಪ್ಪ ಜಂಪರ್ ಕೇಬಲ್, ತಂತಿ ಬ್ರಷ್, ಎಮರಿ ಪೇಪರ್, ಸ್ಪ್ಯಾನರುಗಳು. ಮೀಟರಿನ ವೈರ್ ಗಿಡ್ಡವಾಗಿದ್ದರೆ ನಾಲ್ಕೈದು ಮೀಟರ್ ಉದ್ದದ ಯಾವುದಾದರೂ ತೆಳು ವೈರನ್ನು ಸೇರಿಸಿಕೊಳ್ಳಿ. ವೋಲ್ಟೇಜ್ ಅಳೆಯುವಾಗ ಆ ಉದ್ದದಿಂದ ಅಂಕಿ ಬದಲಾಗುವುದಿಲ್ಲ.

ಗಡಿಯಾರ, ಉಂಗುರ, ಕೈಬಳೆ ತೆಗೆದಿಡಿ. ಬ್ಯಾಟರಿಯ ಎರಡು ತುದಿ ನಡುವೆ ಉಂಗುರ ಸಿಕ್ಕಿದರೆ ಅದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಬೆರಳು ಉಳಿಯುವುದಿಲ್ಲ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹಾಗಾಗಿ ಬೆಂಕಿ, ಸಿಗರೇಟು ದೂರ ಇರಲಿ. ಕಣ್ಣಿಗೆ ಕನ್ನಡಕ ಇರಲಿ. ಏನಾದರೂ ಬಿಚ್ಚುವಾಗ ಮೊದಲು ಅರ್ಥ್ ಕೇಬಲ್ ಬಿಚ್ಚಿ, ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಿ. ಯಾಕೆ ಅಂದರೆ, ಅರ್ಥ್ ಬಿಚ್ಚಿದ ಮೇಲೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ಮಾತ್ರ ಯಾವತ್ತೂ ಬಿಚ್ಚಬೇಡಿ. ವೋಲ್ಟೇಜ್ ಒಮ್ಮೆಲೇ ಏರಿ ಆಲ್ಟರ್ನೇಟರಿನ ಡಯೋಡುಗಳು ಸುಟ್ಟು ಹೋಗುತ್ತವೆ.

ಸೆಲ್ಫ್ ಹೊಡೆದು ಅಳೆಯುವ ಕೆಲಸ ಇದೆ. ಅದಕ್ಕೆ ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಇಡಿ. ಫ್ಯಾನ್, ಬೆಲ್ಟುಗಳಿಂದ ಕೈಯನ್ನೂ ಮೀಟರ್ ವೈರನ್ನೂ ದೂರ ಇಟ್ಟುಕೊಳ್ಳಿ.

ಮೊದಲು ಬ್ಯಾಟರಿಯಿಂದಲೇ

ಬ್ಯಾಟರಿ ಇಳಿದಿದ್ದರೆ ಮುಂದಿನ ಯಾವ ಅಳತೆಯನ್ನೂ ನಂಬುವಂತಿಲ್ಲ. ಗಾಡಿ ಕೆಲವು ಗಂಟೆ ಸುಮ್ನೆ ನಿಂತ ಮೇಲೆ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ. 12.2 ಅಂದರೆ ಅರ್ಧಕ್ಕೆ ಇಳಿದಿದೆ, ಚಾರ್ಜ್ ಮಾಡಿ. ಸೆಲ್ಫ್ ಹೊಡೆಯುವಾಗ ಅದೇ ಜಾಗದಲ್ಲಿ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಮೊದಲು ಬ್ಯಾಟರಿಯನ್ನೇ ಪರೀಕ್ಷೆ ಮಾಡಿಸಿ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಮೊದಲು ಕ್ಲಾಂಪ್ ಬಿಚ್ಚಿ, ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ತೊಳೆಯಿರಿ. ನೊರೆ ನಿಂತ ಮೇಲೆ ಬರೀ ನೀರು ಹಾಕಿ ಒರೆಸಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದ ಒಳಗೆ ಹೋಗಬಾರದು. ಆಮೇಲೆ ಕ್ಲಾಂಪಿನ ಒಳಗನ್ನೂ ಟರ್ಮಿನಲ್ ಹೊರಗನ್ನೂ ಸೀಸದ ಹೊಳಪು ಕಾಣುವ ತನಕ ಬ್ರಷ್ಷಿನಿಂದ ಉಜ್ಜಿ. ಬಿಗಿದ ಮೇಲೆ ಕೈಯಲ್ಲಿ ತಿರುಗಿಸಿದರೆ ಕ್ಲಾಂಪ್ ಅಲುಗಬಾರದು.

ಕೆಲವು ಗಾಡಿಗಳಲ್ಲಿ ಅರ್ಥ್ ಕೇಬಲ್ ಮಧ್ಯೆ ಬ್ಯಾಟರಿ ಕಟ್ ಮಾಡುವ ಸ್ವಿಚ್ ಇರುತ್ತದೆ. ವರ್ಷಗಟ್ಟಲೆ ಬಳಸಿ ಅದರ ಒಳಗಿನ ತಾಮ್ರ ಸುಟ್ಟು ಕಪ್ಪಾಗಿರಬಹುದು. ಅದೂ ಒಂದು ಜಾಯಿಂಟೇ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಎರಡು ನಿಮಿಷದ ಪರೀಕ್ಷೆ

ಜಂಪರ್ ಕೇಬಲ್ ಬಹಳ ಬೇಗ ಉತ್ತರ ಕೊಡುತ್ತದೆ. ಒಂದೇ ಒಂದು ಕೇಬಲ್ ತೆಗೆದುಕೊಳ್ಳಿ. ಒಂದು ತುದಿಯನ್ನು ಬ್ಯಾಟರಿ ಮೈನಸ್‌ಗೆ ಕಚ್ಚಿಸಿ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಪೇಂಟಿಲ್ಲದ ದಪ್ಪ ಬೋಲ್ಟಿಗೆ ಕಚ್ಚಿಸಿ. ಈಗ ಸೆಲ್ಫ್ ಹೊಡೆಯಿರಿ. ಇಷ್ಟು ಹೊತ್ತು ಮುಲುಗುತ್ತಿದ್ದ ಎಂಜಿನ್ ಜೋರಾಗಿ ತಿರುಗಿದರೆ, ಎಂಜಿನ್ ಅರ್ಥ್ ಕೆಟ್ಟಿದೆ ಅಂತಲೇ ಅರ್ಥ. ಮೋಟಾರ್ ಬಿಚ್ಚುವುದು ಬೇಡ.

ಇದೇ ಉಪಾಯ ಕ್ಯಾಬಿನ್ನಿಗೂ ಲೋಡ್ ಬಾಡಿಗೂ ಆಗುತ್ತದೆ. ಹಿಂದಿನ ಲೈಟು ತೊಂದರೆ ಕೊಡುತ್ತಿದ್ದರೆ, ಚೊಕ್ಕ ಛಾಸಿ ಬೋಲ್ಟಿನಿಂದ ಲೈಟಿನ ಹೋಲ್ಡರಿನ ಹೊರಮೈಗೆ ಒಂದು ವೈರ್ ಹಿಡಿಯಿರಿ. ದೀಪ ಸರಿಯಾದರೆ ದೋಷ ಹೋಲ್ಡರಿಗೂ ಛಾಸಿಗೂ ನಡುವೆ ಇದೆ. ಸರಿಯಾಗದಿದ್ದರೆ ವೈರನ್ನು ನೇರವಾಗಿ ಬ್ಯಾಟರಿ ಮೈನಸ್‌ನಿಂದ ಎಳೆದು ನೋಡಿ. ಆಗ ಸರಿಹೋದರೆ ಛಾಸಿಯೇ ಬ್ಯಾಟರಿಗೆ ಸರಿಯಾಗಿ ಸೇರಿಲ್ಲ. ಅರ್ಥ್ ತುದಿ ಪ್ಲಸ್ ವೈರಿಗೆ ತಗುಲದ ಹಾಗೆ ಮಾತ್ರ ಜೋಪಾನ.

ಕೈಯಲ್ಲಿ ಮುಟ್ಟಿಯೂ ತಿಳಿಯಬಹುದು. ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆದು, ಆಮೇಲೆ ಅರ್ಥ್ ಕೇಬಲಿನ ಎರಡೂ ತುದಿ ಮುಟ್ಟಿ. ಕೆಟ್ಟ ಜಾಯಿಂಟು ಬೆಚ್ಚಗಾಗಿರುತ್ತದೆ, ಕೆಲವೊಮ್ಮೆ ಸುಡುತ್ತದೆ, ಅದಕ್ಕೇ ನಿಧಾನವಾಗಿ ಮುಟ್ಟಿ. ಆಕ್ಸಿಲರೇಟರ್ ಕೇಬಲ್ಲೋ ಕ್ಲಚ್ ಕೇಬಲ್ಲೋ ಬಿಸಿಯಾಗಿದ್ದರೆ ಅದು ಅಪಾಯದ ಸೂಚನೆ. ಸ್ಟಾರ್ಟರಿನ ಕರೆಂಟು ವಾಪಸ್ ಬರಲು ದಪ್ಪ ದಾರಿ ಸಿಗದೆ ಆ ತೆಳು ತಂತಿ ಹಿಡಿದು ಬರುತ್ತಿದೆ. ನಾನು ಒಮ್ಮೆ ನೋಡಿದ ಪಿಕಪ್‌ನಲ್ಲಿ ಆಕ್ಸಿಲರೇಟರ್ ಕೇಬಲಿನ ಹೊರ ಕವಚ ಕರಗಿ ಒಳತಂತಿಗೆ ಅಂಟಿಕೊಂಡಿತ್ತು. ಅದರ ಮಾಲೀಕರು ಅದಾಗಲೇ ಎರಡು ಸಲ ಕೇಬಲ್ ಬದಲಿಸಿದ್ದರು. ಎಂಜಿನ್ ಅರ್ಥ್ ಪಟ್ಟಿ ಹಾಕಿದ ಮೇಲೆ ಮೂರನೆಯ ಕೇಬಲ್ ಉಳಿಯಿತು.

ಓಮ್ ಅಳತೆಯನ್ನು ಯಾಕೆ ನಂಬಬಾರದು

ಬಹಳ ಜನ ಇಲ್ಲಿ ಮೀಟರನ್ನು ಓಮ್‌ಗೆ, ಅಂದರೆ ಕರೆಂಟಿಗೆ ಇರುವ ತಡೆ ಅಳೆಯುವ ಕಡೆಗೆ ತಿರುಗಿಸಿ, ಕೇಬಲಿನ ಎರಡು ತುದಿಗೆ ಹಿಡಿದು, 'ಬೀಪ್' ಸದ್ದು ಬಂತು, ಕೇಬಲ್ ಸರಿ ಇದೆ ಅನ್ನುತ್ತಾರೆ. ಈ ತಪ್ಪಿನಿಂದಲೇ ಎಷ್ಟೋ ಗಾಡಿಗಳ ದೋಷ ತಿಂಗಳುಗಟ್ಟಲೆ ಸಿಗದೇ ಹೋಗುತ್ತದೆ.

ಓಮ್ ಅಳೆಯುವಾಗ ಮೀಟರು ಕಳಿಸುವ ಕರೆಂಟು ತೀರಾ ಸಣ್ಣದು, ಕೆಲವು ಮಿಲಿ ಆಂಪಿಯರ್ ಕೂಡ ಇರುವುದಿಲ್ಲ. ನೂರಾರು ಎಳೆಯ ಕೇಬಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅಷ್ಟು ಕರೆಂಟು ಆರಾಮಾಗಿ ದಾಟುತ್ತದೆ, ಮೀಟರ್ ಬೀಪ್ ಅನ್ನುತ್ತದೆ. ಆದರೆ ಸ್ಟಾರ್ಟರ್ ಕೇಳುವುದು 200 ಆಂಪಿಯರ್, ದೊಡ್ಡ ಡೀಸೆಲ್ ಆದರೆ ಅದಕ್ಕಿಂತ ಎಷ್ಟೋ ಜಾಸ್ತಿ. ಲೆಕ್ಕ ಹಾಕಿ ನೋಡಿ. ಜಾಯಿಂಟಿನಲ್ಲಿ ಬರೀ 0.01 ಓಮ್ ತಡೆ ಇದ್ದರೂ, 200 ಆಂಪಿಯರ್ ಹರಿದಾಗ 2 ವೋಲ್ಟ್ ಅಲ್ಲೇ ನಿಂತುಬಿಡುತ್ತದೆ. ಮೀಟರಿನ ಸ್ವಂತ ವೈರುಗಳ ತಡೆಯೇ ಸುಮಾರು 0.1ರಿಂದ 0.3 ಓಮ್ ಇರುತ್ತದೆ. 0.01 ಅದರಲ್ಲಿ ಎಲ್ಲಿ ಕಾಣಬೇಕು, ಅಲ್ವಾ?

ಓಮ್ ಅಳತೆಯಲ್ಲಿ ಪೂರ್ತಿ ತುಂಡಾದ ವೈರ್ ಗೊತ್ತಾಗುತ್ತದೆ, ಅಷ್ಟೇ. ಅರ್ಧ ಕೆಟ್ಟದ್ದು ಗೊತ್ತಾಗುವುದಿಲ್ಲ. ಹಳೆಯ ಗಾಡಿಯಲ್ಲಿ ಇರುವುದು ಅರ್ಧ ಕೆಟ್ಟದ್ದೇ.

ವೋಲ್ಟೇಜ್ ಡ್ರಾಪ್ ಅಳೆಯುವುದು

ಈಗ ಮುಖ್ಯ ಕೆಲಸಕ್ಕೆ ಬರೋಣ. ಸರಿಯಾದ ಅರ್ಥ್ ದಾರಿಯ ಎರಡು ತುದಿಗಳ ನಡುವೆ ವೋಲ್ಟೇಜ್ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಜಾಸ್ತಿ ಇದ್ದರೆ ಅಲ್ಲಿ ನೀರು ನಿಂತಿದೆ ಅಂತ, ಅದೇ ವೋಲ್ಟೇಜ್ ಡ್ರಾಪ್. ಎಷ್ಟು ನಿಂತಿದೆ ಅಂತ ಮೀಟರ್ ಹೇಳುತ್ತದೆ.

ಎಂಜಿನ್ ಸ್ಟಾರ್ಟ್ ಆಗದ ಹಾಗೆ ಮೊದಲು ಏರ್ಪಾಡು ಮಾಡಿ. ಹಳೆಯ ಪೆಟ್ರೋಲ್ ಗಾಡಿಯಲ್ಲಿ ಇಗ್ನಿಷನ್ ಕಾಯಿಲ್‌ಗೆ ಹೋಗುವ ಸಣ್ಣ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ. ಡೀಸೆಲ್ ಆದರೆ ಸ್ಟಾಪ್ ಕೇಬಲ್ ಎಳೆದು ಹಿಡಿಯಿರಿ, ಇಲ್ಲವೇ ಪಂಪಿನ ಸೊಲೆನಾಯ್ಡ್ ವೈರ್ ಬಿಚ್ಚಿ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕೆಂಪು ತುದಿ ಎಂಜಿನ್ ಬ್ಲಾಕಿನ ಚೊಕ್ಕ ಲೋಹಕ್ಕೆ, ಕಪ್ಪು ತುದಿ ಬ್ಯಾಟರಿಯ ಮೈನಸ್ ಕಂಬಕ್ಕೆ. ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ. ಕ್ಲಾಂಪಿಗೆ ಹಿಡಿದರೆ, ಕಂಬಕ್ಕೂ ಕ್ಲಾಂಪಿಗೂ ನಡುವಿನ ದೋಷ ಅಳತೆಯ ಹೊರಗೇ ಉಳಿಯುತ್ತದೆ.

ಇನ್ನೊಬ್ಬರಿಗೆ ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಯಲು ಹೇಳಿ, ಅಂಕಿ ನೋಡಿ. ಒಂದು ಸಲಕ್ಕೆ 10 ಸೆಕೆಂಡ್ ದಾಟಬೇಡಿ, ಮಧ್ಯೆ ಒಂದೆರಡು ನಿಮಿಷ ಮೋಟಾರ್ ತಣ್ಣಗಾಗಲಿ.

0.2 ವೋಲ್ಟಿನ ಒಳಗೆ ಬಂದರೆ ಎಂಜಿನ್ ಅರ್ಥ್ ಚೆನ್ನಾಗಿದೆ. 0.3ರ ತನಕ ಹಳೆಯ ಗಾಡಿಯಲ್ಲಿ ನಾನು ಒಪ್ಪುತ್ತೇನೆ, ಆದರೆ ಬಿಡುವಾದಾಗ ಚೊಕ್ಕ ಮಾಡಿಬಿಡುತ್ತೇನೆ. 0.5 ದಾಟಿದರೆ ಅನುಮಾನವೇ ಬೇಡ, ಕೆಟ್ಟಿದೆ. 24 ವೋಲ್ಟ್ ಗಾಡಿಗೂ ಇದೇ ಅಂಕಿಗಳನ್ನು ಇಟ್ಟುಕೊಂಡರೆ ನಷ್ಟವಿಲ್ಲ. ಮೋಟಾರ್ 'ಟಕ್' ಅಂದು ನಿಂತಾಗ ಮೀಟರ್ 8, 10 ವೋಲ್ಟ್ ತೋರಿಸಿದರೆ, ಬ್ಯಾಟರಿಯ ಬಹುಪಾಲು ಶಕ್ತಿ ಆ ಒಂದು ಜಾಯಿಂಟಿನಲ್ಲೇ ಮುಗಿದುಹೋಗುತ್ತಿದೆ.

ಯಾವ ಜಾಯಿಂಟು ಅಂತ ಹುಡುಕುವುದು ಹೀಗೆ. ಕಪ್ಪು ತುದಿಯನ್ನು ಬ್ಯಾಟರಿ ಕಂಬದಿಂದ ಕದಲಿಸಬೇಡಿ. ಕೆಂಪು ತುದಿಯನ್ನು ಒಂದೊಂದೇ ಹೆಜ್ಜೆ ಮುಂದೆ ಸರಿಸಿ, ಪ್ರತಿ ಸಲ ಸೆಲ್ಫ್ ಹೊಡೆಸಿ, ಅಂಕಿ ಬರೆದುಕೊಳ್ಳಿ. ಮೊದಲು ಕ್ಲಾಂಪ್. ಆಮೇಲೆ ಕೇಬಲಿನ ಆ ಕಡೆಯ ಲಗ್ಗು. ಆಮೇಲೆ ಲಗ್ಗು ಹಿಡಿದಿರುವ ಬೋಲ್ಟಿನ ತಲೆ. ಆಮೇಲೆ ಬ್ಲಾಕ್. ಕೊನೆಗೆ ಸ್ಟಾರ್ಟರ್ ಮೋಟಾರಿನ ಮೈ. ಅಂಕಿ ಎಲ್ಲಿ ಒಮ್ಮೆಲೇ ಜಿಗಿಯುತ್ತದೋ ದೋಷ ಅಲ್ಲಿದೆ. ಉದಾಹರಣೆಗೆ ಕ್ಲಾಂಪಿನಲ್ಲಿ 0.02, ಲಗ್ಗಿನಲ್ಲಿ 0.10, ಬೋಲ್ಟಿನಲ್ಲಿ 0.85, ಬ್ಲಾಕಿನಲ್ಲಿ 0.87 ಬಂತು ಅಂದುಕೊಳ್ಳಿ. ಕೇಬಲ್ ಚೆನ್ನಾಗಿದೆ, ಬ್ಲಾಕೂ ಚೆನ್ನಾಗಿದೆ. ಲಗ್ಗು ಮತ್ತು ಬೋಲ್ಟಿನ ನಡುವೆ ತುಕ್ಕೋ ಪೇಂಟೋ ಇದೆ. ಅದೊಂದನ್ನು ಬಿಚ್ಚಿ ಉಜ್ಜಿದರೆ ಕೆಲಸ ಮುಗಿಯಿತು.

ಎಂಜಿನ್ ಅರ್ಥ್ ಸರಿ ಇದ್ದೂ ಸೆಲ್ಫ್ ನಿಧಾನವಾಗಿದ್ದರೆ, ಇದೇ ಅಳತೆಯನ್ನು ಪ್ಲಸ್ ಕಡೆಗೂ ಮಾಡಿ. ಬ್ಯಾಟರಿಯ ಪ್ಲಸ್ ಕಂಬದಿಂದ ಸ್ಟಾರ್ಟರಿನ ದಪ್ಪ ಬೋಲ್ಟಿನ ತನಕ, ಸೆಲ್ಫ್ ಹೊಡೆಯುತ್ತಿರುವಾಗ 0.5 ವೋಲ್ಟಿನ ಒಳಗೆ ಇರಬೇಕು. ಎಲ್ಲವನ್ನೂ ಅರ್ಥ್ ತಲೆಗೇ ಕಟ್ಟುವುದೂ ತಪ್ಪು.

ಒಂದು ಮೋಸ ನೆನಪಿರಲಿ. ಕರೆಂಟು ಹರಿಯದಿದ್ದರೆ ಡ್ರಾಪ್ ಕೂಡ ಇರುವುದಿಲ್ಲ. ದೀಪ ಹೊತ್ತಿಲ್ಲ, ಮೀಟರ್ 0 ತೋರಿಸಿತು, ಅರ್ಥ್ ಚೆನ್ನಾಗಿದೆ ಅಂದುಕೊಂಡರೆ ಕೆಟ್ಟಿರಿ. ದೀಪಕ್ಕೆ ಪ್ಲಸ್ ಬಾರದೆಯೂ 0 ಬರುತ್ತದೆ. ಅಳೆಯುವಾಗ ಆ ಸಾಮಾನು ಓಡುತ್ತಿರಬೇಕು, ಇಲ್ಲವೇ ಅದಕ್ಕೆ ಪ್ಲಸ್ ಬರುತ್ತಿದೆ ಅಂತ ಖಚಿತವಾಗಿರಬೇಕು. ಪ್ಲಸ್ ಬರುತ್ತಿದ್ದೂ ಅರ್ಥ್ ಪೂರ್ತಿ ತುಂಡಾಗಿದ್ದರೆ ಅರ್ಥ್ ತುದಿಯಲ್ಲಿ ಹೆಚ್ಚುಕಡಿಮೆ ಪೂರ್ತಿ 12 ವೋಲ್ಟೇ ಕಾಣುತ್ತದೆ.

ಕ್ಯಾಬಿನ್, ಹೆಡ್‌ಲೈಟ್, ಆಲ್ಟರ್ನೇಟರ್

ಬಿಚ್ಚಿದ ವೈರನ್ನು ವಾಪಸ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ. ಹೆಡ್‌ಲೈಟ್, ಹೀಟರ್ ಫ್ಯಾನ್, ವೈಪರ್ ಎಲ್ಲ ಹಾಕಿ. ಕಪ್ಪು ತುದಿ ಬ್ಯಾಟರಿ ಕಂಬದಲ್ಲೇ ಇರಲಿ. ಕೆಂಪು ತುದಿಯನ್ನು ಕ್ಯಾಬಿನ್ನಿನ ಚೊಕ್ಕ ಲೋಹಕ್ಕೆ, ಛಾಸಿಗೆ, ಆಲ್ಟರ್ನೇಟರಿನ ಮೈಗೆ ಒಂದೊಂದಾಗಿ ಮುಟ್ಟಿಸಿ. ಕ್ಯಾಬಿನ್ ಮತ್ತು ಛಾಸಿಯಲ್ಲಿ 0.1 ಆಸುಪಾಸು ಇರಲಿ. ಆಲ್ಟರ್ನೇಟರ್ ಮೈಯಲ್ಲಿ 0.2 ದಾಟಬಾರದು. ಅಲ್ಲಿ ಜಾಸ್ತಿ ಬಂದರೆ, ಆಲ್ಟರ್ನೇಟರ್ ಚೆನ್ನಾಗಿದ್ದರೂ ಬ್ಯಾಟರಿ ತುಂಬುವುದಿಲ್ಲ.

ಹೆಡ್‌ಲೈಟಿನ ಹಿಂದಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನಿಗೆ ಕೆಂಪು ತುದಿ ಹಿಡಿದು ಅಳೆಯಿರಿ. ಇದನ್ನು ತಪ್ಪಿಸಬೇಡಿ ಅಂತ ಒತ್ತಿ ಹೇಳುತ್ತೇನೆ, ಯಾಕೆಂದರೆ ರಾತ್ರಿ ರಸ್ತೆ ಕಾಣುವುದು ಇದರ ಮೇಲೆ ನಿಂತಿದೆ. 60 ವ್ಯಾಟಿನ ಎರಡು ಬಲ್ಬು 12 ವೋಲ್ಟಿನಲ್ಲಿ ಸುಮಾರು 10 ಆಂಪಿಯರ್ ಎಳೆಯುತ್ತವೆ. ಎರಡಕ್ಕೂ ಸೇರಿದ ಅರ್ಥ್ ಬೋಲ್ಟಿನಲ್ಲಿ 0.1 ಓಮ್ ಇದ್ದರೆ 1 ವೋಲ್ಟ್ ಹೋಯಿತು. ಹಾಲೋಜನ್ ಬಲ್ಬಿಗೆ ವೋಲ್ಟೇಜು ಶೇ. 10 ಕಮ್ಮಿಯಾದರೆ ಬೆಳಕು ಶೇ. 30ರಷ್ಟು ಕಮ್ಮಿಯಾಗುತ್ತದೆ. ಬಲ್ಬ್ ಹಳದಿಯಾಗಿ ಉರಿಯುತ್ತದೆ. ಜಾಸ್ತಿ ವ್ಯಾಟಿನ ಬಲ್ಬ್ ಹಾಕಿದರೆ ಆ ಜಾಯಿಂಟಿನಲ್ಲಿ ಇನ್ನೂ ಜಾಸ್ತಿ ವೋಲ್ಟೇಜು ಹೋಗುತ್ತದೆ, ಪ್ಲಗ್ ಕರಗುತ್ತದೆ. ಮೊದಲು ಅರ್ಥ್ ಸರಿಮಾಡಿ, ಹಳೆಯ ಬಲ್ಬೇ ಎಷ್ಟು ಬೆಳಕು ಕೊಡುತ್ತದೆ ನೋಡಿ.

ಬಂದು ಹೋಗುವ ದೋಷವಾದರೆ, ಮೀಟರ್ ಹಾಗೇ ಇಟ್ಟು ವೈರ್ ಕಂತೆಯನ್ನು ಒಂದೊಂದು ಜಾಗದಲ್ಲಿ ಹಿಡಿದು ಅಲುಗಿಸಿ. ಅಂಕಿ ಕುಣಿದ ಜಾಗ ಹಿಡಿಯಿರಿ.

ಜಾಯಿಂಟು ಚೊಕ್ಕ ಮಾಡುವ ರೀತಿ

ಬ್ಯಾಟರಿಯ ಅರ್ಥ್ ಕೇಬಲ್ ಬಿಚ್ಚಿ. ತುಕ್ಕು ಹಿಡಿದ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಅವಸರಪಟ್ಟು ತಿರುಗಿಸಿದರೆ ಬೋಲ್ಟು ಮುರಿದು ಕೆಲಸ ಎರಡಾಗುತ್ತದೆ. ಬಿಚ್ಚಿದ ಮೇಲೆ ಲಗ್ಗು ಕೂರುವಷ್ಟು ಜಾಗವನ್ನು, ಅದಕ್ಕಿಂತ ಸ್ವಲ್ಪವೇ ಅಗಲವಾಗಿ, ಎಮರಿ ಪೇಪರಿನಿಂದ ಉಜ್ಜಿ. ಪೇಂಟು, ಪ್ರೈಮರು, ತುಕ್ಕು ಎಲ್ಲ ಹೋಗಿ ಬೆಳ್ಳಗೆ ಹೊಳೆಯಬೇಕು. ಬೂದು ಬಣ್ಣ ಸಾಲದು. ಲಗ್ಗಿನ ಎರಡು ಮುಖ, ಬೋಲ್ಟಿನ ತಲೆಯ ಕೆಳಭಾಗ, ವಾಷರ್ ಕೂಡ ಉಜ್ಜಿ. ಎಣ್ಣೆಯ ಪಸೆ ಉಳಿಯದ ಹಾಗೆ ಒರೆಸಿ.

ಲಗ್ಗು ನೇರವಾಗಿ ಚೊಕ್ಕ ಲೋಹದ ಮೇಲೆ ಕೂರಲಿ. ಅದರ ಮೇಲೆ ಹಲ್ಲಿನ ವಾಷರ್, ಆಮೇಲೆ ಬೋಲ್ಟು ಅಥವಾ ನಟ್ಟು. ಹಲ್ಲಿನ ವಾಷರ್ ಸಡಿಲವಾಗದ ಹಾಗೆ ಕಚ್ಚಿ ಹಿಡಿಯುತ್ತದೆ. ಆದರೆ ಹಲ್ಲು ಪೇಂಟನ್ನು ಕೊರೆದು ಅರ್ಥ್ ಕೊಡುತ್ತದೆ ಅಂತ ಉಜ್ಜದೇ ಬಿಡಬೇಡಿ. ತಗಡಿಗೆ ಕೊರೆದು ಹಾಕುವ ತಗಡು ಸ್ಕ್ರೂ ಅರ್ಥ್‌ಗೆ ಬೇಡವೇ ಬೇಡ. ಅದು ತೆಳು ತಗಡಿನ ಅಂಚಿಗೆ ಮಾತ್ರ ತಾಗಿರುತ್ತದೆ, ಗಾಡಿಯ ಅದುರಿಗೆ ಬೇಗ ಸಡಿಲವಾಗುತ್ತದೆ. ತೂತು ಮಾಡಿ, ಹಿಂದೆ ನಟ್ಟು ಹಾಕಿ ಬಿಗಿಯಿರಿ. ಒಂದೇ ಬೋಲ್ಟಿಗೆ ನಾಲ್ಕಕ್ಕಿಂತ ಹೆಚ್ಚು ಲಗ್ಗು ಪೇರಿಸಬೇಡಿ.

ಬಿಗಿದ ಮೇಲೆ ಹೊರಗಿನಿಂದ ಗ್ರೀಸನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ತೆಳುವಾಗಿ ಸವರಿ. ಗ್ರೀಸಿನ ಕೆಲಸ ನೀರು, ಗಾಳಿ ಒಳಗೆ ಹೋಗದ ಹಾಗೆ ತಡೆಯುವುದು, ಕರೆಂಟು ಹರಿಸುವುದಲ್ಲ. ಅದಕ್ಕೇ ಅದು ಬಿಗಿದ ನಂತರ. ಉಜ್ಜಿದ ಜಾಗದ ಸುತ್ತ ಪೇಂಟ್ ಹಚ್ಚಿಬಿಡಿ, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಒಳಕ್ಕೆ ನುಗ್ಗುತ್ತದೆ.

ಕೇಬಲೇ ಕೆಟ್ಟಿದ್ದರೆ

ಹೊರಗಿನ ರಬ್ಬರ್ ಚೆನ್ನಾಗಿ ಕಂಡರೂ ಒಳಗೆ ತಾಮ್ರ ಕಿಲುಬು ಹಿಡಿದಿರಬಹುದು. ಲಗ್ಗಿನ ಹತ್ತಿರ ಕೇಬಲ್ ಬಗ್ಗಿಸಿ ನೋಡಿ. ಒಳಗೆ ಕರಕರ ಅಂದರೆ, ಉಬ್ಬಿದ್ದರೆ, ಗಟ್ಟಿಯಾಗಿದ್ದರೆ ಅನುಮಾನಪಡಿ. ರಬ್ಬರ್ ಸೀಳಿ ನೋಡಿದಾಗ ಎಳೆಗಳು ಕಪ್ಪಗೆ, ಹಸಿರಾಗಿ ಕಂಡರೆ ಕೆಂಪು ಹೊಳಪು ಸಿಗುವ ತನಕ ಕತ್ತರಿಸುತ್ತಾ ಹೋಗಿ. ಒಂದು ಗೇಣಿನಲ್ಲೂ ಸಿಗದಿದ್ದರೆ ಹೊಸ ಕೇಬಲ್ ಹಾಕಿ.

ಹೊಸ ಅರ್ಥ್ ಕೇಬಲ್, ಸ್ಟಾರ್ಟರಿಗೆ ಹೋಗುವ ಪ್ಲಸ್ ಕೇಬಲಿಗಿಂತ ತೆಳುವಾಗಿರಬಾರದು. ಹೋದಷ್ಟೇ ಕರೆಂಟು ವಾಪಸ್ ಬರಬೇಕಲ್ಲ. ಸಣ್ಣ ಎಳೆಗಳು ಜಾಸ್ತಿ ಇರುವ ಬಳುಕುವ ಕೇಬಲ್ ಒಳ್ಳೆಯದು. ವೆಲ್ಡಿಂಗ್ ಕೇಬಲ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಎಂಜಿನ್ ಅಲುಗುತ್ತದೆ, ಆದ್ದರಿಂದ ಸ್ವಲ್ಪ ಸಡಿಲ ಬಿಡಿ. ಬಿಸಿ ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಿ.

ಲಗ್ಗನ್ನು ಸರಿಯಾದ ಕ್ರಿಂಪಿಂಗ್ ಉಪಕರಣದಿಂದಲೇ ಒತ್ತಿಸಿ. ಸುತ್ತಿಗೆಯಲ್ಲಿ ಜಜ್ಜಿದರೆ ಒಳಗೆ ಸಂದಿ ಉಳಿದು ಮತ್ತೆ ಕಿಲುಬು ಹಿಡಿಯುತ್ತದೆ. ಬರೀ ಬೆಸುಗೆ ಹಾಕುವುದನ್ನು ನಾನು ಇಷ್ಟಪಡುವುದಿಲ್ಲ. ಬೆಸುಗೆ ಎಳೆಗಳ ಒಳಗೆ ಏರಿದಷ್ಟು ದೂರ ಕೇಬಲ್ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ, ಅದು ಮುಗಿಯುವ ಜಾಗದಲ್ಲಿ ಅದುರಿಗೆ ಎಳೆಗಳು ಮುರಿಯುತ್ತವೆ. ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ ಬಿಸಿ ಮಾಡಿ. ಅಂಟು ಕರಗಿ ಹೊರಗೆ ಸ್ವಲ್ಪ ಇಣುಕಿದರೆ ನೀರು ಒಳಗೆ ಹೋಗುವುದಿಲ್ಲ.

ಕಾಣೆಯಾದ ಪಟ್ಟಿಗಳನ್ನು ವಾಪಸ್ ಹಾಕುವುದು ಇದೇ ಹೊತ್ತಿನಲ್ಲಿ ಆಗಲಿ. ಎಲೆಕ್ಟ್ರಾನಿಕ್ ಕಂಟ್ರೋಲ್ ಇರುವ ಗಾಡಿಯಾದರೆ ಮಾತ್ರ, ಕಂಪನಿ ಕೊಟ್ಟ ಸೆನ್ಸರ್ ಅರ್ಥ್ ವೈರುಗಳನ್ನು ಅವುಗಳ ಜಾಗದಿಂದ ಬದಲಿಸಬೇಡಿ. ಚೊಕ್ಕ ಮಾಡಿ, ಅಲ್ಲಿಗೇ ಬಿಗಿಯಿರಿ.

ಹಿಂದಿನ ಲೈಟು ಮತ್ತು ಡೀಸೆಲ್ ಮುಳ್ಳು

ಹಿಂದಿನ ಲೈಟುಗಳು ನೀರು, ಕೆಸರು ತಿನ್ನುತ್ತಾ ಇರುತ್ತವೆ. ಹಳೆಯ ಲೈಟುಗಳಿಗೆ ಬಹಳ ಕಡೆ ಅರ್ಥ್ ವೈರೇ ಇಲ್ಲ. ಹೋಲ್ಡರಿನ ಲೋಹ, ಲೈಟನ್ನು ಹಿಡಿದಿರುವ ಸ್ಕ್ರೂ, ಲೋಡ್ ಬಾಡಿ, ಅದರ ಬೋಲ್ಟುಗಳು, ಛಾಸಿ, ಹೀಗೆ ಐದಾರು ತುಕ್ಕಿನ ಜಾಯಿಂಟು ದಾಟಿ ಕರೆಂಟು ಬರಬೇಕು. ಪ್ರತಿಯೊಂದನ್ನೂ ಉಜ್ಜುತ್ತಾ ಕೂರುವ ಬದಲು, ಪ್ರತಿ ಲೈಟಿನ ಹೋಲ್ಡರಿನಿಂದ 2.5 ಚದರ ಮಿ.ಮೀ. ವೈರನ್ನು ಛಾಸಿಗೆ ಎಳೆದು ಬಿಗಿಯಿರಿ. ನನ್ನ ಅನುಭವದಲ್ಲಿ ಇದಕ್ಕಿಂತ ಕಮ್ಮಿ ಶ್ರಮಕ್ಕೆ ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಇಡೀ ಗಾಡಿಯಲ್ಲಿ ಇಲ್ಲ. ಹೋಲ್ಡರ್ ಒಳಗಿನ ತುಕ್ಕನ್ನೂ ತೆಗೆಯಿರಿ. ಬಲ್ಬನ್ನು ಒತ್ತಿ ತಿರುಗಿಸುವಾಗ ಸಡಿಲ ಅನ್ನಿಸಿದರೆ ಹೋಲ್ಡರ್ ಬದಲಿಸಿ.

ಇಂಧನದ ಮುಳ್ಳು ಸುಳ್ಳು ಹೇಳುತ್ತಿದ್ದರೆ ಟ್ಯಾಂಕಿನ ಅರ್ಥ್ ನೋಡಿ. ಟ್ಯಾಂಕ್ ರಬ್ಬರ್ ಪಟ್ಟಿಯ ಮೇಲೆ ಕೂತಿರುವುದರಿಂದ ಒಳಗಿನ ಸೆಂಡರ್‌ಗೆ (ಇಂಧನದ ಮಟ್ಟವನ್ನು ಮುಳ್ಳಿಗೆ ತಿಳಿಸುವ ಭಾಗ) ಬೇರೆ ಅರ್ಥ್ ವೈರ್ ಇರುತ್ತದೆ. ಅದರ ತಡೆ ಜಾಸ್ತಿಯಾದಾಗ ಮುಳ್ಳು ಯಾವ ಕಡೆ ತಪ್ಪುತ್ತದೆ ಅನ್ನುವುದು ಸೆಂಡರಿನ ಮೇಲೆ ನಿಂತಿದೆ. ಅಮೆರಿಕದ ಜಿಎಂ (ಜನರಲ್ ಮೋಟಾರ್ಸ್) ಕಂಪನಿಯ ಹಳೆಯ ಪಿಕಪ್‌ಗಳಲ್ಲಿ ಖಾಲಿಗೆ 0 ಓಮ್, ತುಂಬಿದಾಗ 90. ಅಲ್ಲಿ ಅರ್ಥ್ ಕೆಟ್ಟರೆ ಟ್ಯಾಂಕ್ ತುಂಬಿದ ಹಾಗೆ ತೋರಿಸುತ್ತದೆ. ಹಳೆಯ ಫೋರ್ಡ್‌ಗಳಲ್ಲಿ ಖಾಲಿಗೆ ಸುಮಾರು 73, ತುಂಬಿದಾಗ ಸುಮಾರು 10. ಅಲ್ಲಿ ತುಂಬಿದ ಟ್ಯಾಂಕೂ ಖಾಲಿಯ ಕಡೆ ವಾಲುತ್ತದೆ. ಟ್ಯಾಂಕಿನ ಹತ್ತಿರ ಕಿಡಿ ಹಾರಬಾರದು. ಬ್ಯಾಟರಿ ಬಿಚ್ಚಿಯೇ ಅಲ್ಲಿ ಕೆಲಸ ಮಾಡಿ, ಇಂಧನದ ವಾಸನೆ ಬರುತ್ತಿದ್ದರೆ ಮೊದಲು ಸೋರಿಕೆ ನಿಲ್ಲಿಸಿ.

ಮತ್ತೆ ಅಳೆಯುವುದು

ಎಲ್ಲ ಬಿಗಿದ ಮೇಲೆ, ಮೊದಲು ಅಳೆದ ಜಾಗಗಳಲ್ಲೇ, ಅದೇ ಲೋಡ್ ಹಾಕಿ ಮತ್ತೆ ಅಳೆಯಿರಿ. ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಬರೆಯಿರಿ. 0.85 ಇದ್ದದ್ದು 0.12ಕ್ಕೆ ಇಳಿದಿದ್ದರೆ ಆ ಜಾಗ ಮುಗಿಯಿತು. 0.40ಕ್ಕೆ ಮಾತ್ರ ಇಳಿದಿದ್ದರೆ ದಾರಿಯಲ್ಲಿ ಇನ್ನೊಂದು ಕೆಟ್ಟ ಜಾಯಿಂಟು ಇದೆ, ಕೆಂಪು ತುದಿ ಹಿಡಿದು ಮತ್ತೆ ಹೆಜ್ಜೆ ಹೆಜ್ಜೆ ಹೋಗಿ. ಬ್ರೇಕ್, ಎರಡೂ ಇಂಡಿಕೇಟರ್, ರಿವರ್ಸ್ ಲೈಟು, ಹೆಡ್‌ಲೈಟು ಎಲ್ಲವನ್ನೂ ಒಟ್ಟಿಗೆ ಹಾಕಿ, ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಯಾವ ದೀಪವೂ ಇನ್ನೊಂದರ ಜೊತೆ ಮಿಣುಕಬಾರದು.

ಅಂಕಿ ಬರೆದ ಚೀಟಿಯನ್ನು ಗಾಡಿಯಲ್ಲೇ ಇಡಿ. ಹೊಸ ಲಗ್ಗುಗಳು ಕೆಲವು ದಿನದ ಓಟಕ್ಕೆ ಕುಳಿತುಕೊಳ್ಳುತ್ತವೆ, ಬೋಲ್ಟು ಸ್ವಲ್ಪ ಸಡಿಲವಾಗಬಹುದು. ಒಂದು ತಿಂಗಳು ಓಡಿಸಿದ ಮೇಲೆ ಸ್ಪ್ಯಾನರ್ ಹಾಕಿ ಎಲ್ಲವನ್ನೂ ಒಮ್ಮೆ ಬಿಗಿದು, ಎಂಜಿನ್ ಬ್ಲಾಕಿನ ಅಳತೆ ಮತ್ತೆ ತೆಗೆಯಿರಿ. ಚೀಟಿಯ ಅಂಕಿಗಿಂತ ಏರಿದ್ದರೆ ಆ ಜಾಯಿಂಟನ್ನು ಬಿಚ್ಚಿ ನೋಡಿ. ಉಜ್ಜಿದ ಜಾಗದಲ್ಲಿ ಎಲ್ಲೋ ಪೇಂಟಿನ ಪದರ ಉಳಿದಿರಬಹುದು.